ಮೇಣದ ಬತ್ತಿಯೊಂದರಿಂದ ಮಕ್ಕಳಿಗೆ ವಿಜ್ಞಾನ ಕಲಿಸಿದ ಮೈಕಲ್ ಫ್ಯಾರಡೆ

ಮಕ್ಕಳಿಗೆ ವಿಜ್ಞಾನ ಕಲಿಸಬೇಕಾದರೆ ಸುಸಜ್ಜಿತ ಪ್ರಯೋಗಾಲಯ, ದುಬಾರಿ ಉಪಕರಣ, ದೊಡ್ಡ ಶುಲ್ಕದ ಶಾಲೆ ಬೇಕು ಎಂಬುದು ನಗರವಾಸಿ ಪಾಲಕರಲ್ಲಿ ಬೇರೂರಿರುವ ನಂಬಿಕೆ. ಆದರೆ ಜಗತ್ತು ಕಂಡ ಶ್ರೇಷ್ಠ ಪ್ರಯೋಗಶೀಲ ವಿಜ್ಞಾನಿಗಳಲ್ಲಿ ಒಬ್ಬರಾದ ಮೈಕಲ್ ಫ್ಯಾರಡೆ ಅವರು ಒಂದು ಮೇಣದ ಬತ್ತಿ, ಒಂದಿಷ್ಟು ಉಪ್ಪು, ಗಾಜಿನ ಪಾತ್ರೆ, ಮಂಜುಗಡ್ಡೆ ಹಾಗೂ ಸುಣ್ಣದ ತಿಳಿನೀರನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ಆರು ದಿನಗಳ ಪಾಠ ಮಾಡಿದರು. ಸ್ವತಃ ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದೆ, ಪುಸ್ತಕಕ್ಕೆ ರಟ್ಟು ಕಟ್ಟುತ್ತಾ ವಿದ್ಯೆ ಕಲಿತವರು ಅವರು. ಊರು ಬಿಟ್ಟು ಬಂದು ಹಗಲು ಹೋಟೇಲಿನಲ್ಲಿ ದುಡಿದು, ಸಂಜೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯ ತಲೆಮಾರಿನವರಿಗೆ ಫ್ಯಾರಡೆ ಅವರ ಬಾಳು ಪರಕೀಯ ಎನಿಸಲಾರದು.

ಕಮ್ಮಾರನ ಮನೆಯ ಮಗ

ಮೈಕಲ್ ಫ್ಯಾರಡೆ ಅವರು ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಅಂದು ಲಂಡನ್ನಿನ ಹೊರವಲಯದಲ್ಲಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರರು. ತಾಯಿ ಮಾರ್ಗರೆಟ್. ನಾಲ್ವರು ಮಕ್ಕಳಲ್ಲಿ ಮೈಕಲ್ ಮೂರನೆಯವರು. ಫ್ಯಾರಡೆ ಕುಟುಂಬವೂ ವಲಸೆ ಬಂದದ್ದೇ. ಉತ್ತರ ಇಂಗ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಲಂಡನ್ ಸೇರಿತ್ತು. ತಂದೆಯ ಆರೋಗ್ಯ ಸರಿಯಿರಲಿಲ್ಲ, ದುಡಿಮೆ ಸಾಲುತ್ತಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಒಂಬತ್ತು ವರ್ಷದ ಮೈಕಲ್‌ಗೆ ಕೊಡುತ್ತಿದ್ದ ಒಂದು ರೊಟ್ಟಿಯನ್ನು ಆತ ಇಡೀ ವಾರಕ್ಕೆ ಸಾಲುವಂತೆ ನೋಡಿಕೊಳ್ಳಬೇಕಿತ್ತು ಎಂದು ಅವರ ಜೀವನ ಚರಿತ್ರೆಯಲ್ಲಿ ದಾಖಲಾಗಿದೆ. ಓದು, ಬರಹ, ಅಲ್ಪಸ್ವಲ್ಪ ಲೆಕ್ಕ, ಇಷ್ಟಕ್ಕೇ ಅವರ ಶಾಲಾ ವಿದ್ಯಾಭ್ಯಾಸ ಮುಗಿಯಿತು.

1804ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಬ್ಲ್ಯಾಂಡ್‌ಫೋರ್ಡ್ ಬೀದಿಯಲ್ಲಿದ್ದ ಜಾರ್ಜ್ ರೀಬೋ ಅವರ ಪುಸ್ತಕದಂಗಡಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿಕೊಂಡರು. ಮರುವರ್ಷ ಅಲ್ಲಿಯೇ ಪುಸ್ತಕ ಕಟ್ಟುವ ಕಸುಬು ಕಲಿಯಲು ಏಳು ವರ್ಷಗಳ ಕರಾರಾಯಿತು. ಆ ಕಾಲದಲ್ಲಿ ಕಸುಬು ಕಲಿಸಲು ಯಜಮಾನನಿಗೆ ಹಣ ಕೊಡುವ ಪದ್ಧತಿಯಿತ್ತು. ಹುಡುಗನ ಪ್ರಾಮಾಣಿಕತೆ ಕಂಡ ರೀಬೋ ಅದನ್ನು ಮನ್ನಾ ಮಾಡಿದರು.

ಪುಸ್ತಕದಂಗಡಿಯೇ ಪಾಠಶಾಲೆ

ಕಟ್ಟಲು ಬಂದ ಪುಸ್ತಕಗಳ ಒಳಗೇನಿದೆ ಎಂದು ಮೈಕಲ್ ಇಣುಕಿ ನೋಡತೊಡಗಿದರು. ಬ್ರಿಟಾನಿಕಾ ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಕುರಿತ ಲೇಖನ ಅವರ ಕಣ್ಣು ತೆರೆಸಿತು. ಇನ್ನೊಂದು, ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನ ಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕ. ಗುರುವಮ್ಮ ಮತ್ತು ಇಬ್ಬರು ಹುಡುಗಿಯರು ಮಾತನಾಡಿಕೊಳ್ಳುತ್ತಾ ಪ್ರಯೋಗ ಮಾಡುವ ಆ ಪುಸ್ತಕದಲ್ಲಿ ಮೊದಮೊದಲು ಲೇಖಕಿಯ ಹೆಸರೇ ಇರಲಿಲ್ಲ. ಓದಿದ್ದನ್ನು ಓದಿದಂತೆಯೇ ನಂಬುವುದು ಮೈಕಲ್ ಸ್ವಭಾವವಲ್ಲ. ಕೈಗೆಟುಕುವ ಖರ್ಚಿನಲ್ಲಿ ಪ್ರಯೋಗ ಮಾಡಿ, ಪುಸ್ತಕ ಹೇಳಿದ್ದು ನಿಜವೆಂದು ಕಂಡ ಮೇಲೆಯೇ ಒಪ್ಪಿದರು. ಮುಂದೆ ಜಗದ್ವಿಖ್ಯಾತರಾದ ಮೇಲೂ ಆ ಮಹಾತಾಯಿಯನ್ನು ಅವರು ಮರೆಯಲಿಲ್ಲ. ತಮ್ಮ ಸಂಶೋಧನಾ ಪ್ರಬಂಧಗಳನ್ನು ಗೌರವಪೂರ್ವಕವಾಗಿ ಆಕೆಗೆ ಕಳುಹಿಸುತ್ತಿದ್ದರು.

ನಗರದಲ್ಲಿ ಜಾನ್ ಟೇಟಮ್ ಎಂಬವರು ತಮ್ಮ ಮನೆಯಲ್ಲಿ ಸಂಜೆ ವಿಜ್ಞಾನ ಉಪನ್ಯಾಸ ನಡೆಸುತ್ತಿದ್ದರು. ಪ್ರವೇಶ ಶುಲ್ಕ ತಲಾ ಒಂದು ಶಿಲ್ಲಿಂಗ್. ಮೈಕಲ್ ಕೈಯಲ್ಲಿ ಅಷ್ಟು ಹಣವಿಲ್ಲ. ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್ ತನ್ನ ದುಡಿಮೆಯಿಂದ ಅದನ್ನು ಕೊಟ್ಟರು. 1810 ಮತ್ತು 1811ರಲ್ಲಿ ಹೀಗೆ ಸುಮಾರು ಒಂದು ಡಜನ್ ಉಪನ್ಯಾಸ ಕೇಳುವ ಅವಕಾಶ ದೊರೆಯಿತು. ಇದೇ ಸಮಯದಲ್ಲಿ, 1810ರ ಅಕ್ಟೋಬರ್‌ನಲ್ಲಿ, ತಂದೆ ತೀರಿಕೊಂಡರು. ರೀಬೋ ಅವರ ಮನೆಯಲ್ಲಿ ತಂಗಿದ್ದ ಮ್ಯಾಸ್ಕರಿಯೆ ಎಂಬ ಚಿತ್ರಕಾರರಿಂದ ಮೈಕಲ್ ಚಿತ್ರ ಬರೆಯುವುದನ್ನೂ ಕಲಿತರು. ಕಂಡ ಉಪಕರಣವನ್ನು ಕಂಡ ಹಾಗೆಯೇ ಬಿಡಿಸಿಡಲು ಇದು ನೆರವಾಯಿತು. 1812ರಲ್ಲಿ ಅರ್ಧ ಪೆನ್ನಿ ನಾಣ್ಯದಷ್ಟು ಅಗಲದ ತಾಮ್ರದ ಬಿಲ್ಲೆ, ಸತುವಿನ ಬಿಲ್ಲೆ ಮತ್ತು ಉಪ್ಪುನೀರಿನಲ್ಲಿ ನೆನೆಸಿದ ಕಾಗದವನ್ನು ಒಂದರ ಮೇಲೊಂದು ಪೇರಿಸಿ ತಮ್ಮದೇ ಬ್ಯಾಟರಿ ಮಾಡಿಕೊಂಡರು.

ಟಿಕೆಟ್ ತೆರೆದ ಬಾಗಿಲು

ಅಂಗಡಿಯ ಗಿರಾಕಿ ವಿಲಿಯಂ ಡ್ಯಾನ್ಸ್ ಅವರು ಹುಡುಗನ ಆಸಕ್ತಿ ಕಂಡು, ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸರ್ ಹಂಫ್ರಿ ಡೇವಿ ಅವರ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಸಿರಿವಂತರು ಸಾರೋಟಿನಲ್ಲಿ ಬಂದಿಳಿಯುವ ಜಾಗ ಅದು. 1812ರ ವಸಂತದಲ್ಲಿ ಮೈಕಲ್ ಮೇಲಂತಸ್ತಿನ ಆಸನದಲ್ಲಿ ಕುಳಿತು ನಾಲ್ಕು ಉಪನ್ಯಾಸ ಕೇಳಿದರು. ಟಿಪ್ಪಣಿ ಮಾಡಿದರು, ಚಿತ್ರ ಬಿಡಿಸಿದರು, ಸುಮಾರು 300 ಪುಟಗಳ ಆ ಬರಹಕ್ಕೆ ತಮ್ಮ ಕೈಯಿಂದಲೇ ಚೆಂದದ ರಟ್ಟು ಕಟ್ಟಿ ಡೇವಿ ಅವರಿಗೆ ಕಳುಹಿಸಿ ಕೆಲಸ ಕೇಳಿದರು. ಕೂಡಲೇ ಕೆಲಸ ಸಿಗಲಿಲ್ಲ. ಆದರೆ ಮರುವರ್ಷ ಅಲ್ಲಿನ ಸಹಾಯಕನೊಬ್ಬನನ್ನು ಜಗಳದ ಕಾರಣಕ್ಕೆ ತೆಗೆದು ಹಾಕಿದಾಗ ಡೇವಿ ಅವರಿಗೆ ರಟ್ಟು ಕಟ್ಟುವ ಹುಡುಗನ ನೆನಪಾಯಿತು. 1813ರ ಮಾರ್ಚ್ 1ರಂದು ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಮಾಳಿಗೆಯಲ್ಲಿ ಎರಡು ಕೋಣೆ, ಜತೆಗೆ ಉರುವಲು ಮತ್ತು ಮೇಣದ ಬತ್ತಿ, ಇಷ್ಟಕ್ಕೆ ಫ್ಯಾರಡೆ ನೇಮಕಗೊಂಡರು.

1813ರಿಂದ 1815ರ ವರೆಗೆ ಡೇವಿ ದಂಪತಿಯೊಂದಿಗೆ ಯುರೋಪ್ ಪ್ರವಾಸ ಮಾಡಿದರು. ಡೇವಿ ಅವರ ಪತ್ನಿ ಅವರನ್ನು ಆಳಿನಂತೆ ನಡೆಸಿಕೊಂಡರು. ಅವಮಾನ ನುಂಗಿಕೊಂಡರೂ ಫ್ಯಾರಡೆ ಕಣ್ಣು ಮುಚ್ಚಿ ಕೂರಲಿಲ್ಲ. ಬ್ಯಾಟರಿಯ ಜನಕ ವೋಲ್ಟಾ ಅವರನ್ನು ಕಂಡರು. ಫ್ಲಾರೆನ್ಸ್‌ನಲ್ಲಿ ಭೂತಗಾಜಿನಿಂದ ಬಿಸಿಲು ಕೇಂದ್ರೀಕರಿಸಿ ವಜ್ರವನ್ನೇ ಉರಿಸಿದ ಪ್ರಯೋಗದಲ್ಲಿ ಪಾಲ್ಗೊಂಡರು. ವಜ್ರವೂ ಇದ್ದಿಲೂ ಒಂದೇ ಇಂಗಾಲ ಎಂಬುದಕ್ಕೆ ಅದು ಪುರಾವೆಯಾಯಿತು.

ವಿದ್ಯುತ್ ಯುಗಕ್ಕೆ ಅಡಿಗಲ್ಲು

1821ರಲ್ಲಿ ಸಾರಾ ಬರ್ನಾರ್ಡ್ ಅವರನ್ನು ವರಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಹರಿಯುವ ತಂತಿಯನ್ನು ಆಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದರು. ಇಂದಿನ ಎಲ್ಲ ವಿದ್ಯುತ್ ಮೋಟಾರುಗಳ ಮೂಲ ಅದೇ. 1825ರಲ್ಲಿ ಬೆಂಜೀನ್ ಕಂಡುಹಿಡಿದರು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದರಲ್ಲಿ ವಿದ್ಯುತ್ ಹರಿಸಿದಾಗ ಮತ್ತು ನಿಲ್ಲಿಸಿದಾಗ ಇನ್ನೊಂದರಲ್ಲಿ ಕ್ಷಣಕಾಲ ವಿದ್ಯುತ್ ಹುಟ್ಟುವುದನ್ನು ಕಂಡರು. ಅಕ್ಟೋಬರ್‌ನಲ್ಲಿ ತಂತಿಯ ಸುರುಳಿಯೊಳಗೆ ಆಯಸ್ಕಾಂತವನ್ನು ತೂರಿಸಿ ತೆಗೆದೇ ವಿದ್ಯುತ್ ಪಡೆದರು.

ಈ ತತ್ತ್ವ ಕನ್ನಡ ನಾಡಿಗೂ ಬೇಗನೆ ಬಂತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ತಿರುಗಿಸಿದ ಯಂತ್ರಗಳು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟದ್ದು, 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿದ್ದು ಇದೇ ತತ್ತ್ವದಿಂದ. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಓಡಿದ ದೇಶದ ಮೊದಲ ವಿದ್ಯುತ್ ರೈಲಿನ ಮೋಟಾರಿಗೂ ಫ್ಯಾರಡೆ ಅವರ 1821ರ ತಂತಿಗೂ ನೇರ ಸಂಬಂಧವಿದೆ.

ಗಣಿತದ ಸೂತ್ರಗಳನ್ನು ಫ್ಯಾರಡೆ ಕಲಿತವರಲ್ಲ. ಅವರ ಬಲವೆಲ್ಲ ಕಣ್ಣು ಮತ್ತು ಕೈಯಲ್ಲಿತ್ತು. ಕಾಗದದ ಮೇಲೆ ಉದುರಿಸಿದ ಕಬ್ಬಿಣದ ಪುಡಿ ಆಯಸ್ಕಾಂತದ ಸುತ್ತ ಗೆರೆಗಳಾಗಿ ಜೋಡಣೆಯಾಗುವುದನ್ನು ದಿಟ್ಟಿಸಿ ನೋಡಿಯೇ ಅವರು ಬಲರೇಖೆಗಳ ಕಲ್ಪನೆಗೆ ಬಂದರು. ಅದಕ್ಕೆ ಗಣಿತದ ರೂಪ ಕೊಟ್ಟವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಮಾಡಿದ ಪ್ರಯೋಗ, ಕೆಟ್ಟ ಪ್ರಯೋಗ ಎಲ್ಲವನ್ನೂ ಫ್ಯಾರಡೆ ಕ್ರಮಸಂಖ್ಯೆ ಹಾಕಿ ಬರೆದಿಟ್ಟರು. ಅವರ ದಿನಚರಿಯ ಕೊನೆಯ ಕ್ರಮಸಂಖ್ಯೆ 16,041.

ಕ್ರಿಸ್ಮಸ್ ರಜೆಯ ಪಾಠ

ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಿಂದ ಕ್ರಿಸ್ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸ ಮಾಲೆ ಆರಂಭವಾಯಿತು. 1827ರಿಂದ 1860ರ ನಡುವೆ ಫ್ಯಾರಡೆ ಅವರು ಒಟ್ಟು 19 ಬಾರಿ ಈ ಮಾಲೆ ನಡೆಸಿಕೊಟ್ಟರು. ಅಷ್ಟು ದೊಡ್ಡ ಸಂಶೋಧಕರು ತಮ್ಮ ಅಮೂಲ್ಯ ಸಮಯವನ್ನು ಚಿಣ್ಣರಿಗಾಗಿ ಮೀಸಲಿಟ್ಟದ್ದು ಸಣ್ಣ ಸಂಗತಿಯಲ್ಲ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ ಮನೆಯಲ್ಲಿ ಬಂಧುಗಳ ಮಕ್ಕಳು ಬೆಳೆದರು, ಅವರೊಂದಿಗೆ ಆಟವಾಡುವುದೆಂದರೆ ಅವರಿಗೆ ಪ್ರಾಣ.

ಪಾಠ ಹೇಳುವ ಕಲೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. 1813ರಲ್ಲಿಯೇ ಗೆಳೆಯ ಬೆಂಜಮಿನ್ ಅಬಟ್‌ಗೆ ಬರೆದ ಪತ್ರಗಳಲ್ಲಿ ಸಭಾಂಗಣದ ಗಾಳಿ ಬೆಳಕು ಹೇಗಿರಬೇಕು, ಉಪಕರಣ ಎಲ್ಲರಿಗೂ ಹೇಗೆ ಕಾಣಬೇಕು, ಉಪನ್ಯಾಸ ಒಂದು ಗಂಟೆ ಮೀರಬಾರದು ಎಂಬುದನ್ನೆಲ್ಲ ವಿವರವಾಗಿ ಚರ್ಚಿಸಿದ್ದಾರೆ. ಮಾತಿನ ಸ್ಪಷ್ಟತೆಗಾಗಿ ಶುಲ್ಕ ಕೊಟ್ಟು ಶಿಕ್ಷಕರಿಂದ ಅಭ್ಯಾಸ ಮಾಡಿದರು. ಮಾತು ವೇಗವಾದರೆ ಎಚ್ಚರಿಸಲು, ನಿಧಾನ ಎಂದು ಬರೆದ ಕಾರ್ಡನ್ನು ಸಹಾಯಕರು ಅವರ ಮುಂದೆ ಇಡುವ ಏರ್ಪಾಡೂ ಇತ್ತು. ಮಕ್ಕಳ ಸಭೆಯಲ್ಲಿ ದೊಡ್ಡವರು ಎಷ್ಟೇ ಇರಲಿ, ಅವರು ಮಾತನಾಡುತ್ತಿದ್ದುದು ಮಕ್ಕಳೊಂದಿಗೆ, ತಾವೂ ಒಂದು ಮಗುವಾಗಿ.

1855ರ ಡಿಸೆಂಬರ್‌ನಲ್ಲಿ ಮುಂದಿನ ಸಾಲಿನಲ್ಲಿ ರಾಣಿ ವಿಕ್ಟೋರಿಯಾ ಅವರ ಪತಿ ಆಲ್ಬರ್ಟ್ ಅವರೊಂದಿಗೆ ಇಬ್ಬರು ರಾಜಕುಮಾರರು ಕುಳಿತಿದ್ದರು. ಅವರಲ್ಲಿ ಹಿರಿಯನೇ ಮುಂದೆ ಏಳನೇ ಎಡ್ವರ್ಡ್ ದೊರೆಯಾದವರು. ಮುಂಬಯಿಯ ಕಾಲಾಘೋಡಾದ ಕಪ್ಪು ಕುದುರೆಯ ಮೇಲೆ ಕುಳಿತಿದ್ದುದು ಇದೇ ಎಡ್ವರ್ಡ್. ಆ ಪ್ರತಿಮೆಯನ್ನು 1965ರಲ್ಲಿ ಅಲ್ಲಿಂದ ತೆಗೆದು ಬೈಕುಲಾದ ರಾಣಿಬಾಗ್‌ಗೆ ಸಾಗಿಸಲಾಯಿತು. ಒಂದು ಕಾಲದಲ್ಲಿ ಒಂದು ಶಿಲ್ಲಿಂಗಿಗಾಗಿ ಅಣ್ಣನತ್ತ ಕೈಚಾಚಿದ ಕಮ್ಮಾರನ ಮಗ, ಭಾವೀ ದೊರೆಗೆ ಪಾಠ ಹೇಳಿದ್ದು ಇತಿಹಾಸದ ಸೋಜಿಗ.

ಒಂದು ಮೇಣದ ಬತ್ತಿ, ನೂರು ಪ್ರಶ್ನೆ

ಫ್ಯಾರಡೆ ಅವರ ಕೊನೆಯ ಮಕ್ಕಳ ಮಾಲೆ 1860ರ ಡಿಸೆಂಬರ್ ಅಂತ್ಯದಲ್ಲಿ ಆರಂಭವಾಗಿ 1861ರ ಜನವರಿಯಲ್ಲಿ ಮುಗಿಯಿತು. ವಿಷಯ ಮೇಣದ ಬತ್ತಿಯ ರಸಾಯನ ವಿಜ್ಞಾನ. 1848ರಲ್ಲಿಯೂ ಇದೇ ವಿಷಯ ಹೇಳಿದ್ದರು. ಆಗ ಅವರಿಗೆ 69 ವರ್ಷ. 1839ರ ಸುಮಾರಿಗೆ ಆದ ತೀವ್ರ ಬಳಲಿಕೆಯ ಅನಂತರ ಅವರ ನೆನಪಿನ ಶಕ್ತಿ ಕೈಕೊಡುತ್ತಾ ಬಂದಿತ್ತು. ಮರೆವು ಬೆನ್ನಟ್ಟಿದ್ದರೂ ಮಕ್ಕಳ ಮುಂದೆ ನಿಂತಾಗ ಅವರ ಕೈ ತಪ್ಪಲಿಲ್ಲ.

ಮೊದಲು ಬತ್ತಿಗಳನ್ನೇ ತೋರಿಸಿದರು. ದನದ ಕೊಬ್ಬಿನದು, ಜೇನುಮೇಣದ್ದು, ತಿಮಿಂಗಿಲದ ಎಣ್ಣೆಯದು, ಪ್ಯಾರಾಫಿನ್‌ನದು. 1782ರಲ್ಲಿ ಮುಳುಗಿದ ರಾಯಲ್ ಜಾರ್ಜ್ ಹಡಗಿನಿಂದ ಮೇಲೆತ್ತಿದ ಬತ್ತಿಯೊಂದು ಅಷ್ಟು ವರ್ಷ ಸಮುದ್ರದಲ್ಲಿದ್ದೂ ಉರಿಯಿತು. ಬಳಿಕ ಪ್ರಶ್ನೆಗಳು ಆರಂಭವಾದವು. ಗಟ್ಟಿ ಮೇಣ ಜ್ವಾಲೆಯ ತನಕ ಏರುವುದು ಹೇಗೆ? ಉಪ್ಪಿನ ಕಂಬವೊಂದರ ಬುಡಕ್ಕೆ ನೀಲಿ ಬಣ್ಣದ ಉಪ್ಪುನೀರು ಹಾಕಿದರು. ನೀರು ಕಂಬದೊಳಗೆ ಮೆಲ್ಲಮೆಲ್ಲನೆ ಮೇಲೇರಿತು. ಬತ್ತಿಯ ದಾರದಲ್ಲಿ ಕರಗಿದ ಮೇಣ ಏರುವುದೂ ಹೀಗೆಯೇ. ಬತ್ತಿಯ ತುದಿಯಲ್ಲಿ ಬಟ್ಟಲಿನಂತಹ ಗುಳಿ ಏಕೆ? ಬಿಸಿಯಿಂದ ಮೇಲೇಳುವ ಗಾಳಿ ಹೊರ ಅಂಚನ್ನು ತಂಪಾಗಿಡುತ್ತದೆ, ನಡುವೆ ಮಾತ್ರ ಮೇಣ ಕರಗುತ್ತದೆ.

ಬತ್ತಿ ಆರಿಸಿದಾಗ ಏಳುವ ಬಿಳಿ ಹೊಗೆಗೆ ದೂರದಿಂದಲೇ ಕಿಡಿ ಹಿಡಿದರು. ಬೆಂಕಿ ಹೊಗೆಯಗುಂಟ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸಿತು. ಉರಿಯುವುದು ಮೇಣದ ಆವಿ ಎಂದು ಮಕ್ಕಳು ಕಣ್ಣಾರೆ ಕಂಡರು. ಜ್ವಾಲೆಗೆ ಅಡ್ಡಲಾಗಿ ಕ್ಷಣಕಾಲ ಕಾಗದ ಹಿಡಿದರೆ ಉಂಗುರದಂತೆ ಸುಡುತ್ತದೆ, ನಡುಭಾಗ ಸುಡುವುದಿಲ್ಲ. ಜ್ವಾಲೆಯ ಹೆಚ್ಚಿನ ಬಿಸಿ ಅದರ ಹೊರಮೈಯಲ್ಲಿದೆ, ಒಳಗಿರುವುದು ಇನ್ನೂ ಉರಿಯದ ಆವಿ. ಹಳದಿ ಬೆಳಕು ಬರುವುದು ಕಾದು ಕೆಂಪಾದ ಮಸಿಯ ಕಣಗಳಿಂದ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಮಗುವಿನ ಕಣ್ಣಿಗೆ ಕಾಡಿಗೆ ಮಾಡುತ್ತಿದ್ದ ನಮ್ಮ ಅಜ್ಜಿಯಂದಿರು ಹಿಡಿಯುತ್ತಿದ್ದುದೂ ಇದೇ ಕಣಗಳನ್ನು.

ಮಂಜುಗಡ್ಡೆ ಮತ್ತು ಉಪ್ಪು ತುಂಬಿದ ಪಾತ್ರೆಯನ್ನು ಜ್ವಾಲೆಯ ಮೇಲೆ ಹಿಡಿದಾಗ ಅದರ ತಳದಲ್ಲಿ ನೀರಿನ ಹನಿ ಕಟ್ಟಿತು. ಬೆಂಕಿಯಿಂದ ನೀರು! ಮೇಣದಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನೀರಾಗುತ್ತದೆ ಎಂದು ಅಲ್ಲಿಂದ ವಿವರಿಸಿದರು. ಬತ್ತಿ ಉರಿದ ಗಾಳಿಗೆ ಸುಣ್ಣದ ತಿಳಿನೀರು ಹಾಕಿದಾಗ ಅದು ಹಾಲಿನಂತೆ ಬೆಳ್ಳಗಾಯಿತು. ಕೊನೆಯ ದಿನ ತಮ್ಮ ಉಸಿರನ್ನೇ ಸುಣ್ಣದ ನೀರಿಗೆ ಊದಿದರು. ಅದೂ ಬೆಳ್ಳಗಾಯಿತು. ಬತ್ತಿ ಹೊರಬಿಡುವ ಅನಿಲವೂ ಮನುಷ್ಯ ಹೊರಬಿಡುವ ಅನಿಲವೂ ಒಂದೇ. ದೇಹದೊಳಗೂ ಬತ್ತಿಯಂತೆ ನಿಧಾನವಾದ ಉರಿ ಇದೆ, ಒಬ್ಬ ಮನುಷ್ಯ ದಿನವೊಂದಕ್ಕೆ ಏಳು ಔನ್ಸ್, ಅಂದರೆ ಸುಮಾರು 200 ಗ್ರಾಂ ಇಂಗಾಲವನ್ನು ಹೀಗೆ ಹೊರಹಾಕುತ್ತಾನೆ, ಗಿಡಮರಗಳು ಅದನ್ನೇ ಆಹಾರವಾಗಿ ಬಳಸುತ್ತವೆ ಎಂದು ಲೆಕ್ಕ ಕೊಟ್ಟರು. ಮೇಜಿನ ಮೇಲಿನ ಬತ್ತಿಯಿಂದ ಹೊರಟ ಪಾಠ ಹೀಗೆ ಕಾಡಿನ ಮರದ ವರೆಗೆ ಮುಟ್ಟಿತು. ನೀವೂ ಬತ್ತಿಯಂತೆ ಸುತ್ತಲಿನವರಿಗೆ ಬೆಳಕಾಗಿರಿ ಎಂಬ ಅರ್ಥದ ಹಾರೈಕೆಯೊಂದಿಗೆ ಮಕ್ಕಳನ್ನು ಬೀಳ್ಕೊಟ್ಟರು.

ಆದರೂ ಆ ಸಭಾಂಗಣದೊಳಗೆ ಬಂದವರು ಹೆಚ್ಚಾಗಿ ಉಳ್ಳವರ ಮಕ್ಕಳೇ. ಹೊರಗಿನ ಮಕ್ಕಳಿಗೂ ಅದನ್ನು ತಲುಪಿಸಿದ್ದು ಪುಸ್ತಕ. ವಿಲಿಯಂ ಕ್ರುಕ್ಸ್ ಅವರ ಸಂಪಾದಕತ್ವದಲ್ಲಿ 1861ರಲ್ಲಿ ಪ್ರಕಟವಾದ ಅದು ಹಲವು ಭಾಷೆಗಳಿಗೆ ಅನುವಾದಗೊಂಡು ಇಂದಿಗೂ ಮುದ್ರಣದಲ್ಲಿದೆ. ಒಂದು ಪುಸ್ತಕದಿಂದ ವಿಜ್ಞಾನ ಕಲಿತ ಹುಡುಗ ಇನ್ನೊಂದು ಪುಸ್ತಕದ ಮೂಲಕ ಆ ಋಣ ತೀರಿಸಿದಂತಾಯಿತು.

ನದಿಗೆ ಬಿಟ್ಟ ಬಿಳಿ ಚೀಟಿ

ಸರಳ ಪ್ರಯೋಗವನ್ನು ಅವರು ಮಕ್ಕಳ ಆಟಕ್ಕೆ ಮಾತ್ರ ಸೀಮಿತಗೊಳಿಸಲಿಲ್ಲ. 1855ರ ಜುಲೈ 7ರಂದು ದೋಣಿಯಲ್ಲಿ ಹೋಗುವಾಗ ಥೇಮ್ಸ್ ನದಿ ಕೊಚ್ಚೆಯಾಗಿರುವುದನ್ನು ಕಂಡರು. ಬಿಳಿ ಕಾರ್ಡಿನ ಚೂರುಗಳನ್ನು ಒದ್ದೆ ಮಾಡಿ ಹಲವು ಕಡೆ ನೀರಿಗೆ ಬಿಟ್ಟರು. ಹಾಡುಹಗಲಿನಲ್ಲೂ ಒಂದು ಇಂಚು ಮುಳುಗುವ ಮೊದಲೇ ಚೂರು ಕಾಣದಾಯಿತು. ಅದನ್ನೇ ಟೈಮ್ಸ್ ಪತ್ರಿಕೆಗೆ ಬರೆದು ಅಧಿಕಾರಿಗಳನ್ನು ಎಚ್ಚರಿಸಿದರು. ಮೂರು ವರ್ಷಗಳ ಬಳಿಕ 1858ರ ಬೇಸಿಗೆಯಲ್ಲಿ ನದಿಯ ದುರ್ನಾತ ಸಂಸತ್ತಿನೊಳಗೇ ನುಗ್ಗಿದ ಮೇಲೆ ಲಂಡನ್ನಿನ ದೊಡ್ಡ ಒಳಚರಂಡಿ ಯೋಜನೆಗೆ ಚಾಲನೆ ದೊರೆಯಿತು.

1862ರಲ್ಲಿ ಶಾಲಾ ಶಿಕ್ಷಣದ ತನಿಖೆಗೆ ನೇಮಕವಾಗಿದ್ದ ಸರಕಾರಿ ಆಯೋಗದ ಮುಂದೆ ಹಾಜರಾದ ಫ್ಯಾರಡೆ, ಶಾಲೆಗಳಲ್ಲಿ ವಿಜ್ಞಾನವನ್ನು ಕಡೆಗಣಿಸಿರುವುದಕ್ಕೆ ಬೇಸರ ವ್ಯಕ್ತಪಡಿಸಿದರು. ಸರಳವಾಗಿ ವಿವರಿಸಿದರೆ ಪ್ರಯೋಗದ ಮರ್ಮ ತಿಳಿಯದ ಹುಡುಗನನ್ನು ತಾವು ಕಂಡಿಲ್ಲ ಎಂದು ತಮ್ಮ ಅನುಭವದಿಂದ ಸಾರಿದರು.

ಪದವಿ ಬೇಡವೆಂದ ಹಿರಿಯ

ಗೌರವಗಳು ಅರಸಿ ಬಂದರೂ ಸರ್ ಪದವಿಯನ್ನು ಅವರು ಒಪ್ಪಲಿಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷ ಪಟ್ಟವನ್ನು ಎರಡು ಬಾರಿ ನಿರಾಕರಿಸಿದರು. ಕಾರ್ಖಾನೆಗಳಿಗೆ ಸಲಹೆ ನೀಡಿ ಶ್ರೀಮಂತರಾಗುವ ದಾರಿ ತೆರೆದಿದ್ದಾಗ ಅದನ್ನು ಬಿಟ್ಟು ಸಂಶೋಧನೆಯನ್ನೇ ಆರಿಸಿಕೊಂಡರು. 1858ರಲ್ಲಿ ರಾಣಿ ನೀಡಿದ ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ ಕೊನೆಯ ವರ್ಷಗಳನ್ನು ಕಳೆದರು. 1867ರ ಆಗಸ್ಟ್ 25ರಂದು ತಮ್ಮ ಓದುಕೋಣೆಯ ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಇಹಲೋಕ ತ್ಯಜಿಸಿದರು. ಅವರ ಇಚ್ಛೆಯಂತೆ ಹೈಗೇಟ್ ಸ್ಮಶಾನದಲ್ಲಿ ಯಾವ ಆಡಂಬರವೂ ಇಲ್ಲದೆ ಅಂತ್ಯಸಂಸ್ಕಾರ ನಡೆಯಿತು. ಅವರು ಬೆಳೆಸಿದ ಕ್ರಿಸ್ಮಸ್ ಉಪನ್ಯಾಸ ಪರಂಪರೆ ಎರಡನೇ ಮಹಾಯುದ್ಧದ ಕೆಲ ವರ್ಷಗಳನ್ನು ಬಿಟ್ಟರೆ ಇಂದಿಗೂ ನಡೆದುಬಂದಿದೆ.

ಸಂಘದ ಅಂಗಳದಲ್ಲೂ ಸಾಧ್ಯ

ಕನ್ನಡ ಸಂಘಗಳು ನಡೆಸುವ ಮಕ್ಕಳ ಶಿಬಿರಗಳಲ್ಲಿ ಹಾಡು, ಕುಣಿತ, ನಾಟಕದ ಜತೆಗೆ ಒಂದು ಗಂಟೆಯ ಮೇಣದ ಬತ್ತಿಯ ಪಾಠಕ್ಕೂ ಜಾಗವಿದೆ. ಖರ್ಚು ನಗಣ್ಯ. ಉರಿಯುವ ಬತ್ತಿಯನ್ನು ಐದು ನಿಮಿಷ ಸುಮ್ಮನೆ ನೋಡಿ, ಕಂಡದ್ದನ್ನೆಲ್ಲ ಕನ್ನಡದಲ್ಲಿ ಬರೆಯಲು ಹೇಳಬಹುದು. ಗಾಜಿನ ಲೋಟ ಕವುಚಿ, ಬತ್ತಿ ಆರುವ ತನಕ ಎಣಿಸಬಹುದು. ಲೋಟ ದೊಡ್ಡದಾದರೆ ಎಣಿಕೆ ಹೆಚ್ಚುತ್ತದೆಯೇ ಎಂದು ಮಕ್ಕಳೇ ಪರೀಕ್ಷಿಸಲಿ. ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕಲಸಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡರೆ ಫ್ಯಾರಡೆ ಬಳಸಿದ ಸುಣ್ಣದ ನೀರು ಸಿದ್ಧ. ಅದಕ್ಕೆ ಕೊಳವೆಯಿಂದ ಉಸಿರು ಊದಿ ತೋರಿಸುವ ಕೆಲಸ ದೊಡ್ಡವರದು. ಸುಣ್ಣದ ನೀರು ಬಾಯಿಗೆ, ಕಣ್ಣಿಗೆ ತಾಗದಂತೆ, ಬೆಂಕಿಯ ಬಳಿ ಮಕ್ಕಳು ಒಂಟಿಯಾಗಿರದಂತೆ ಎಚ್ಚರ ವಹಿಸಬೇಕು.

ಉತ್ತರವನ್ನು ಮಾತ್ರ ಮೊದಲೇ ಹೇಳಿಬಿಡಬಾರದು. ಏಕೆ ಹೀಗಾಯಿತು ಎಂದು ಮಗು ಕೇಳುವ ವರೆಗೆ ಕಾಯುವ ತಾಳ್ಮೆ ಪಾಲಕರಿಗೂ ಕಾರ್ಯಕರ್ತರಿಗೂ ಬೇಕು. ಅಣ್ಣ ಕೊಟ್ಟ ಶಿಲ್ಲಿಂಗ್, ಗಿರಾಕಿ ಕೊಟ್ಟ ಟಿಕೆಟ್, ಯಜಮಾನ ತೋರಿದ ಸಹನೆ, ಇವಿಷ್ಟೇ ಒಬ್ಬ ಫ್ಯಾರಡೆಯನ್ನು ಜಗತ್ತಿಗೆ ಕೊಟ್ಟವು. ಅಂತಹ ನೆರವಿಗೆ ಕಾದಿರುವ ಮಕ್ಕಳು ಪ್ರತಿಯೊಂದು ಸಂಘದ ಅಕ್ಕಪಕ್ಕದಲ್ಲೂ ಇದ್ದಾರೆ.